ತುಡುಗಿನ ಕಡ್ಡಿ

ಗಿಡದ ಹುಚ್ಚು ಹಿಡಿದವರಿಗೆ ಉಡುಗೊರೆ ಆರಿಸುವಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ. ಹೆಂಡತಿ ಮಾಯಾಳ ಹುಟ್ಟುಹಬ್ಬಕ್ಕೆಂದು ಪ್ರಬುದ್ಧ ಮಾಸ್ತರ ಗೋಕುಲ ರಸ್ತೆಯ ನರ್ಸರಿಯಲ್ಲಿ ಮಧ್ಯಾಹ್ನವಿಡೀ ಅಲೆದ. ನೀರುಣಿಸುವ ಝಾರಿ ನೋಡಿದ, ಚಿತ್ತಾರದ ಕುಂಡ ನೋಡಿದ, ಕೈಗವಸು ಹಾಕಿಯೂ ನೋಡಿದ. ಏನನ್ನು ಮುಟ್ಟಿದರೂ ಡಾಕ್ಟರು ತನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತೇ ಕಿವಿಯಲ್ಲಿ: "ಇನ್ನ ಔಷಧದಿಂದ ಆಗೂದಿಲ್ರಿ ಸರ್. ಮನಿಗೆ ಕರಕೊಂಡು ಹೋಗ್ರಿ. ಅವರಿಗೆ ಏನು ಸೇರತೈತೋ ಅದನ್ನ ಮಾಡ್ರಿ."

ಅದನ್ನು ಅವನು ಮಾಯಾಳಿಗೆ ಹೇಳಿರಲಿಲ್ಲ. ಅವಳೇ ಕೇಳಿಬಿಟ್ಟರೆ ಎಂಬ ಹೆದರಿಕೆಯಲ್ಲೇ ದಿನ ದೂಡುತ್ತಿದ್ದ. ಕೇಳಿದರೆ ಮುಗಿಯಿತು, ಸುಳ್ಳು ಹೇಳುವುದು ಆ ಪುಣ್ಯಾತ್ಮನಿಗೆ ಜನ್ಮದಲ್ಲಿ ಬಂದದ್ದಲ್ಲ. ದಿನಾ ಬೆಳಿಗ್ಗೆ ಬುದ್ಧನ ಫೋಟೋದ ಮುಂದೆ ಪಂಚಶೀಲ ಹೇಳುವವನು. ಕೊಡದಿದ್ದುದನ್ನು ತೆಗೆದುಕೊಳ್ಳುವುದಿಲ್ಲ, ಸುಳ್ಳಾಡುವುದಿಲ್ಲ. ಮಾಯಾಳೂ ಜೊತೆಗೆ ಹೇಳುತ್ತಿದ್ದಳು, ಆದರೆ ಗಿಡದ ಮಾತು ಬಂದರೆ ಅವಳ ನೇಮಕ್ಕೆ ರಜೆ.

"ಕೊಂಡದ್ದು ಸೊರಗತೈತ್ರಿ, ತುಡುಗು ಮಾಡಿದ್ದು ಲಗೂ ಹತ್ತತೈತಿ," ಎನ್ನುತ್ತ ಕಂಡವರ ಕಂಪೌಂಡಿನಿಂದ ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ಇವನು ಈ ಹೆಂಗಸು ಯಾರೋ ಏನೋ ಎಂಬಂತೆ ಮುಂದೆ ಮುಂದೆ ನಡೆಯುವನು. ಮಾಳಿಗೆಯ ಪೇಂಟ್ ಡಬ್ಬಿಗಳಲ್ಲಿ ಅರಳಿದ್ದೆಲ್ಲ ಕಳ್ಳಮಾಲೇ. ಒಂದು ಮಾತ್ರ ದಕ್ಕಿರಲಿಲ್ಲ: ಹಿಂದಿನ ಓಣಿಯ ಮಾಶಾಬಿಯ ಗೋಡೆಯಾಚೆ ಬಾಗಿದ ಕೇಸರಿ ಬಣ್ಣದ ದಾಸವಾಳ. ಮಾಶಾಬಿ ಸದಾ ಬಾಗಿಲಲ್ಲೇ ಕೂತಿರುವವಳು. ಕೇಳಿದರೆ ಕೊಟ್ಟಾಳು, ಆದರೆ ಕೇಳಿ ತಂದರೆ ಏನು ಬಂತು!

ಬರಿಗೈಯಲ್ಲಿ ಬಸ್ಸು ಹಿಡಿದು ತನ್ನೂರು ಧಾರವಾಡಕ್ಕೆ ಮರಳಿದ ಪ್ರಬುದ್ಧ ಸಂಜೆ ಆ ಗೋಡೆಯ ಕೆಳಗೆ ನಿಂತ. ಬಾಗಿಲಲ್ಲಿ ಮಾಶಾಬಿ ಕಾಣಲಿಲ್ಲ. ನೇಮ ಮುರಿದರೆ ಮುರಿಯಲಿ, ಖಂಡಿತ ಬೇರು ಹತ್ತುತ್ತದೆಂದು ಅವಳು ನಂಬುವ ಗಿಡವೊಂದನ್ನು ಕೈಗಿಟ್ಟರೆ ಸಾಕು. ಕೈ ಚಾಚಿದ್ದೇ ತಡ, ಗೇಟು ತೆರೆಯಿತು.

"ಏನ್ ಮಾಡಾಕತ್ತೀರಿ ಮಾಸ್ತರ?" ಮಾಶಾಬಿ ನಿಂತಿದ್ದಳು.

ಅವನಿಗೆ ಇನ್ನೇನು ಹೇಳಲು ಬಂದೀತು! "ತುಡುಗು ಮಾಡಾಕತ್ತೇನ್ರಿ," ಎಂದ. ಯಾಕೆಂದೂ ಹೇಳಿದ. ಡಾಕ್ಟರ ಮಾತನ್ನೂ ಮುಚ್ಚಿಡಲಿಲ್ಲ.

"ಯಾ ಅಲ್ಲಾ!" ಎಂದು ಮಾಶಾಬಿ ಒಳಗೋಡಿ ಕತ್ತರಿ ತಂದಳು. ಬಲಿತ ಕಡ್ಡಿಯೊಂದನ್ನು ಹುಡುಕಿ ಕತ್ತರಿಸಿ ಕೈಗಿಟ್ಟಳು. "ಮಾಯಾಗ ಕೊಡ್ರಿ. ನಾ ದುವಾ ಮಾಡತೇನಿ."

ಅಂಥ ಪ್ರೀತಿಗೆ ಬೇಡವೆನ್ನುವುದು ಹೇಗೆ? ಆದರೆ ಅದೀಗ ತುಡುಗಿನದಾಗಿ ಉಳಿಯಲಿಲ್ಲವಲ್ಲ! ದಾರಿಯುದ್ದಕ್ಕೂ ಅವನಿಗೆ ಅಳು ಬರುತ್ತಿತ್ತು.

ಮಾಯಾ ದಿಂಬಿಗೊರಗಿ ಕೂತಿದ್ದಳು. ಕಡ್ಡಿ ಕಂಡದ್ದೇ ಕಣ್ಣರಳಿಸಿದಳು. "ಮಾಶಾಬಿ ಮನೀದು! ಹೆಂಗ್ ಸಿಕ್ತ್ರಿ?"

"ತುಡುಗು ಮಾಡಿದೆ," ಎಂದ ಪ್ರಬುದ್ಧ. ಅಷ್ಟಕ್ಕೇ ಬಿಟ್ಟನೇ? "ನಾಯಿ ಬೆನ್ನ ಹತ್ತಿತ್ತು. ಓಡಿ ಬಂದೆ."

ಮಾಯಾ ಕೆಮ್ಮು ಬರುವಷ್ಟು ನಕ್ಕಳು. ನಗುತ್ತಲೇ ಕಡ್ಡಿ ತಿರುಗಿಸಿ ಬುಡದ ಮೇಲೆ ಹೆಬ್ಬೆರಳಾಡಿಸಿದಳು. ನಗು ನಿಂತಿತು. ಅವಸರದಲ್ಲಿ ಮುರಿದದ್ದಾದರೆ ಸಿಪ್ಪೆ ಹರಿದು ಜೋಲುತ್ತಿರಬೇಕಿತ್ತು. ಇದರ ಬುಡ ಓರೆಯಾಗಿ, ನುಣ್ಣಗಿತ್ತು.

"ಕತ್ತರೀಲೆ ಕತ್ತರಿಸಿದ್ದೈತಿ. ಆಕಿನ ಕೊಟ್ಟಾಳ," ಎಂದಳು ಮೆಲ್ಲಗೆ. "ಅಡಗಿ ಕೆಟ್ರ ಮುಖದ ಮ್ಯಾಲ ಕೆಟ್ಟೈತಿ ಅಂತಿದ್ರಿ ನೀವು. ನನಗ ಒಂದ್ ಸುಳ್ಳೂ ಹೇಳಿದವರಲ್ಲ. ಇವತ್ತ್ ಯಾಕ ಹೇಳಿದ್ರಿ? ಡಾಕ್ಟರ್ ಏನಂದಾರ?"

ಪ್ರಬುದ್ಧ ಮಂಚ ಹಿಡಿದು ನಿಂತ. ಆ ಒಂದು ಸುಳ್ಳಿನಲ್ಲಿ ತಾನೇ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

"ಹೋಗ್ಲಿ ಬಿಡ್ರಿ," ಎಂದು ಮಾಯಾ, ನೆಡುವ ಮೊದಲು ಮಾಡುವ ಹಾಗೆ, ಕಡ್ಡಿಯ ಕೆಳಗಿನ ಎಲೆಗಳನ್ನು ಚಿವುಟತೊಡಗಿದಳು. "ಇಷ್ಟರ ಹೇಳ್ರಿ. ಇದು ಹೂ ಬಿಡೂತನಕ ನಾ ಇರತೇನೇನು?"

ಹೂಂ ಎಂದಿದ್ದರೆ ಸಾಕಿತ್ತು. ಪ್ರಬುದ್ಧ ಬಾಯಿ ತೆರೆದ. ಎರಡನೆಯ ಸುಳ್ಳು ಬರಲಿಲ್ಲ.