ಮೂರನೇ ಕುರ್ಚಿಯ ಮಾವ

ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಒಬ್ಬ ಮಾವ ಇದ್ದ. ಹಾಗೆ ನೋಡಿದರೆ ಇರಲಿಲ್ಲ. ಅವನಿಗೊಂದು ಹೆಸರಿತ್ತು, ವಯಸ್ಸಿತ್ತು, ರಕ್ತದ ಗುಂಪಿತ್ತು, ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಮೂರನೇ ಕುರ್ಚಿಯೂ ಅವನ ಪಾಲಿಗಿತ್ತು. ಆದರೆ ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ. ಅವನನ್ನು ಸೃಷ್ಟಿಸಿದವರು ನಮ್ಮ ಹೆಡ್ ಸಿಸ್ಟರ್.

ನಾನು ಅಲ್ಲಿ ನೀರಿನವನು. ಡಯಾಲಿಸಿಸ್‌ಗೆ ಬೇಕಾದ ನೀರನ್ನು ಶುದ್ಧ ಮಾಡುವ ಯಂತ್ರ ಹಿಂದಿನ ಕೋಣೆಯಲ್ಲಿದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೀರು ಕೆಟ್ಟರೆ ಎಲ್ಲರೂ ನನ್ನನ್ನು ಹುಡುಕುತ್ತಾರೆ, ಕೆಡದಿದ್ದರೆ ನಾನು ಇದ್ದೆನೋ ಸತ್ತೆನೋ ಯಾರಿಗೂ ಬೇಕಿಲ್ಲ. ಹಾಗಾಗಿ ನಡೆಯುವುದನ್ನೆಲ್ಲ ನೋಡುತ್ತ ಗೊಣಗಿಕೊಂಡಿರಲು ನನಗೆ ಬೇಕಾದಷ್ಟು ಪುರುಸೊತ್ತು.

ಮಾವ ಬಂದದ್ದಕ್ಕೆ ಕಾರಣ ಇತ್ತು. ನಮ್ಮಲ್ಲಿ ಕುರ್ಚಿಗಳು ಕಡಿಮೆ, ಕಾಯುವವರು ಜಾಸ್ತಿ. ಒಂದು ಕುರ್ಚಿ ಸಿಕ್ಕಿತೆಂದರೆ ಯಾರೂ ಬಿಡುವುದಿಲ್ಲ. ಬಿಟ್ಟರೆ ಹೊಸ ಕಿಡ್ನಿ ಸಿಕ್ಕಿ ಬಿಡಬೇಕು, ಇಲ್ಲವೇ ಜೀವ ಬಿಡಬೇಕು. ಆದರೂ ಯಾವಾಗಲೋ ಒಬ್ಬರು ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು, ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಂಥವರಿಗೆಂದು ಹೆಡ್ ಸಿಸ್ಟರ್ ಮೊದಲಿನಿಂದಲೂ ಒಂದು ಕುರ್ಚಿ ಖಾಲಿ ಇಡುತ್ತಿದ್ದರು. ಗೋಡೆಯ ಬೋರ್ಡಿನಲ್ಲಿ ಆ ಜಾಗ ಖಾಲಿ ಬಿಡುವುದು, ಅಷ್ಟೇ. ಯಾರೂ ಏಕೆಂದು ಕೇಳಿದವರಲ್ಲ.

ಆಮೇಲೆ ಮ್ಯಾನೇಜರ್ ಬಂದರು. ಖಾಲಿ ಕುರ್ಚಿ ಕಂಡರೆ ಆ ಮನುಷ್ಯನಿಗೆ ದುಡ್ಡು ಪೋಲಾದಂತೆ ಕಾಣುತ್ತಿತ್ತು. ಬೋರ್ಡು ಇಳಿಸಿದರು, ಅದರ ಜಾಗದಲ್ಲಿ ಒಂದು ಪರದೆ ಹಾಕಿಸಿದರು. ಯಾರು ಯಾವಾಗ ಯಾವ ಕುರ್ಚಿಗೆ ಎಂಬುದನ್ನು ಇನ್ನು ಮೇಲೆ ಕಂಪ್ಯೂಟರೇ ಗೊತ್ತು ಮಾಡುತ್ತದೆ, ಅದಕ್ಕೆ ಸ್ವಂತ ಬುದ್ಧಿ ಇದೆ, ದಿನದಿಂದ ದಿನಕ್ಕೆ ತಾನೇ ಕಲಿಯುತ್ತದೆ ಎಂದರು. ಅಂದಿನಿಂದ ನಾವು ಅದನ್ನು ಬುದ್ಧಿವಂತ ಎಂದು ಕರೆದೆವು. ಮ್ಯಾನೇಜರ್ ಎದುರಿಗೂ ಹಾಗೇ ಕರೆಯುತ್ತಿದ್ದೆವು, ಅವರು ಅದನ್ನು ಹೊಗಳಿಕೆ ಎಂದುಕೊಂಡರು.

ಬುದ್ಧಿವಂತನಿಗೆ ಖಾಲಿ ಕುರ್ಚಿ ಅರ್ಥವಾಗುತ್ತಿರಲಿಲ್ಲ. ಖಾಲಿ ಕಂಡರೆ ಸಾಕು, ಸರದಿಯಲ್ಲಿದ್ದ ಮುಂದಿನವರನ್ನು ಅಲ್ಲಿ ತುಂಬುತ್ತಿತ್ತು. ಹೆಡ್ ಸಿಸ್ಟರ್ ಮ್ಯಾನೇಜರ್ ಹತ್ತಿರ ಹೋಗಿ ತುರ್ತಿಗೊಂದು ಕುರ್ಚಿ ಬೇಕೇ ಬೇಕೆಂದು ಬಾಯಿ ನೋಯುವಷ್ಟು ಹೇಳಿದರು.

"ತುರ್ತು ಯಾವಾಗ ಬರುತ್ತೆ ಹೇಳಿ, ಪ್ಲಾನ್‌ಗೆ ಸೇರಿಸೋಣ," ಎಂದರು ಮ್ಯಾನೇಜರ್.

"ಯಾವಾಗ ಬರುತ್ತೆ ಅಂತ ಗೊತ್ತಿದ್ರೆ ಅದು ತುರ್ತು ಹೆಂಗಾಗುತ್ತೆ ಸರ್?"

"ಹಾಗಿದ್ರೆ ಪ್ಲಾನ್‌ನಲ್ಲಿ ಜಾಗ ಇಲ್ಲ ಸಿಸ್ಟರ್."

ಮಾರನೇ ದಿನ ಮಾವ ನೋಂದಣಿಯಾದ. ಇಲ್ಲದ ಒಬ್ಬ ರೋಗಿಯನ್ನು ಹೆಡ್ ಸಿಸ್ಟರ್ ಮೂರನೇ ಕುರ್ಚಿಗೆ ಬರೆದರು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಯಾರಾದರೊಬ್ಬರು ಪರದೆಯ ಮೇಲೆ ಆ ಕುರ್ಚಿಯ ಎದುರು 'ಬರಲಿಲ್ಲ' ಎಂದು ಒತ್ತಬೇಕು. ಒತ್ತಿದರೆ ಅವತ್ತಿನ ಮಟ್ಟಿಗೆ ಕುರ್ಚಿ ಬಿಡುಗಡೆ. ಏದುಸಿರಿನವರು ಬಂದರೆ 'ತುರ್ತು' ಎಂದು ಬರೆದು ಕೂರಿಸಬಹುದು. ಈ ಆಟ ಮ್ಯಾನೇಜರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. "ಮಾವ ಬಂದ್ರಾ?" ಎಂದು ಒಬ್ಬರು ಕೇಳುವುದು, "ಬರ್ಲಿಲ್ಲ, ಮುನಿಸಿಕೊಂಡಿದ್ದಾರೆ," ಎಂದು ಇನ್ನೊಬ್ಬರು ಒತ್ತುವುದು. ಹಾಗೆ ಬಾರದ ಮಾವನ ದಯೆಯಿಂದ ಬದುಕಿ ಮನೆಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಿರುವಾಗ ಹೆಡ್ ಸಿಸ್ಟರ್ ಅವರ ಸ್ವಂತ ಅಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟವು.

ಅಕ್ಕ ಒಂದು ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ತಾಯಿ ಬೇಗ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿ, ಓದಿಸಿ, ನರ್ಸ್ ಮಾಡಿದ್ದು ಅವರೇ. ಹೊಸ ರೋಗಿಯಾಗಿ ಹೆಸರು ಬರೆಸಿದ್ದರೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕಿತ್ತು. ಆ ಸರದಿ ಕರಗುವವರೆಗೆ ಅಕ್ಕ ಉಳಿಯುತ್ತಿರಲಿಲ್ಲ. ಹೆಡ್ ಸಿಸ್ಟರ್ ಒಂದು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ಮಾವನ ಹೆಸರು ಅಳಿಸಿ ಅಲ್ಲಿ ಅಕ್ಕನ ಹೆಸರು ಹಾಕಿದರು. ವಯಸ್ಸು, ರಕ್ತದ ಗುಂಪು, ಫೋನ್ ನಂಬರ್ ಎಲ್ಲ ಬದಲಾಯಿಸಿದರು. ಮಾವ ಅಕ್ಕನಾದ.

"ಇನ್ನು ತುರ್ತು ಬಂದ್ರೆ ಏನ್ಮಾಡ್ತೀರಿ ಸಿಸ್ಟರ್?" ಎಂದು ನಾನು ಕೇಳಿದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಬಂದಾಗ ನೋಡೋಣ ಅಣ್ಣಾ," ಎಂದರು. ನನ್ನ ಮುಖ ನೋಡಲಿಲ್ಲ. ಅಕ್ಕ ನನ್ನ ಅಕ್ಕನಾಗಿದ್ದರೆ ನಾನು ಅದಕ್ಕಿಂತ ದೊಡ್ಡ ಕೆಲಸವನ್ನೇ ಮಾಡುತ್ತಿದ್ದೆ.

ಅಕ್ಕನ ಶಿಸ್ತಿಗೆ ಏನು ಹೇಳಲಿ. ನಾವು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು, ಪಕ್ಕದಲ್ಲಿ ಅವರ ಗಂಡ, ನಮ್ಮೆಲ್ಲರ ಭಾವ. ಭಾವ ಟೈಲರ್. ಕಾಯುವ ಹೊತ್ತನ್ನೂ ಹಾಳು ಮಾಡುತ್ತಿರಲಿಲ್ಲ. ಚೀಲದಿಂದ ಯಾರದೋ ಅಂಗಿ ತೆಗೆದು ಗುಂಡಿ ಹಾಕುತ್ತ ಕೂರುತ್ತಿದ್ದರು. ನಾನು ತಡವಾಗಿ ಬಂದರೆ ಅಕ್ಕ ಮಣಿಕಟ್ಟು ತೋರಿಸಿ, "ಏನಪ್ಪಾ, ನಿನ್ನ ಕಾಲಕ್ಕೆ ನಾನು ಗಂಟೆ ಹೊಡೀತಿದ್ದಿದ್ರೆ ಗೊತ್ತಾಗ್ತಿತ್ತು," ಎನ್ನುತ್ತಿದ್ದರು. ಆ ಮಣಿಕಟ್ಟಿನಲ್ಲಿ ಗಡಿಯಾರ ಇರಲಿಲ್ಲ. ಸೂಜಿ ಚುಚ್ಚುವ ಕೈ ಅದು, ಗಡಿಯಾರ ಕಟ್ಟಬಾರದು.

ಅಷ್ಟರಲ್ಲಿ ಯಾರೂ ಗಮನಿಸದ ಒಂದು ಸಂಗತಿ ನಡೆಯುತ್ತಿತ್ತು. ಬಾಗಿಲು ತೆರೆದ ಕೂಡಲೇ ಮೂರನೇ ಕುರ್ಚಿಯ ಎದುರು 'ಬರಲಿಲ್ಲ' ಒತ್ತುವುದು ಎಲ್ಲರ ಕೈಗೂ ಅಭ್ಯಾಸವಾಗಿಬಿಟ್ಟಿತ್ತು. ಲೈಟ್ ಹಾಕುವುದು, ಫ್ಯಾನ್ ಹಾಕುವುದು, 'ಬರಲಿಲ್ಲ' ಒತ್ತುವುದು. ಆ ಪರದೆಯಲ್ಲಿ ಕುರ್ಚಿಯ ನಂಬರು ಮಾತ್ರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಕುರ್ಚಿ ಬಿಡುಗಡೆಯಾಗುತ್ತಿತ್ತು, ಅಕ್ಕನನ್ನು ಹೆಸರು ಹಾಕದೆ 'ತುರ್ತು' ಎಂದಷ್ಟೇ ಬರೆದು ಕೂರಿಸುತ್ತಿದ್ದರು, ಕೆಲಸ ಸಲೀಸಾಗಿ ನಡೆಯುತ್ತಿತ್ತು. ಹೆಡ್ ಸಿಸ್ಟರ್ ಬೇಗ ಬಂದ ದಿನ ಅವರ ಬೆರಳೂ ಅದನ್ನೇ ಒತ್ತುತ್ತಿತ್ತು. ಅಕ್ಕ ಕಣ್ಣೆದುರಿಗೇ ಕುರ್ಚಿಯಲ್ಲಿ ಒರಗಿ, ಕೊಳವೆಯಲ್ಲಿ ರಕ್ತ ಓಡುತ್ತಿರುವಾಗಲೇ ನಮ್ಮನ್ನೆಲ್ಲ ಗೇಲಿ ಮಾಡುತ್ತಿದ್ದರು. ಬುದ್ಧಿವಂತನ ಪಾಲಿಗೆ ಆ ಹೆಸರಿನ ಹೆಂಗಸು ಒಂದು ದಿನವೂ ಈ ಕಡೆ ತಲೆ ಹಾಕಿರಲಿಲ್ಲ.

ಅದು ಕಲಿಯುತ್ತಿತ್ತು. ಕಲಿಯುವುದೊಂದೇ ಅದಕ್ಕೆ ಗೊತ್ತಿದ್ದ ಕೆಲಸ.

ಬಾರದವರನ್ನು ಮೊದಲೇ ಗುರುತಿಸಿ ಅವರ ಕುರ್ಚಿಯನ್ನು ಸರದಿಯವರಿಗೆ ಕೊಡುವ ಹೊಸ ಏರ್ಪಾಡು ಶುರುವಾಗಲಿದೆ ಎಂದು ಮ್ಯಾನೇಜರ್ ಹೇಳಿದರು. ಅದರ ತರಬೇತಿಗೆ ಹೆಡ್ ಸಿಸ್ಟರನ್ನೇ ಮುಖ್ಯ ಕಚೇರಿಗೆ ಕಳಿಸಿದರು. ಸೋಮವಾರ ಹೋದವರು ಬುಧವಾರ ರಾತ್ರಿ ಬರುವವರಿದ್ದರು. ತರಬೇತಿ ಮುಗಿದ ಮೇಲೆ ತಾನೇ ಏರ್ಪಾಡು ಶುರುವಾಗುವುದು ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಕಚೇರಿಯವರು ಮಂಗಳವಾರ ಬೆಳಗ್ಗೆಯೇ ಶುರು ಮಾಡಿಬಿಟ್ಟರು. ತರಬೇತಿಗೊಂದು ಪ್ಲಾನು, ಏರ್ಪಾಡಿಗೊಂದು ಪ್ಲಾನು. ಎರಡನ್ನೂ ಮಾಡಿದವರು ಅಕ್ಕಪಕ್ಕದ ಕೋಣೆಯಲ್ಲಿದ್ದರಂತೆ.

ಮಂಗಳವಾರ ನಾವು ಬಾಗಿಲು ತೆರೆದಾಗ ಅಕ್ಕ ಎಂದಿನಂತೆ ಮೆಟ್ಟಿಲ ಮೇಲಿದ್ದರು. ಮುಖ ಊದಿತ್ತು. ಶನಿವಾರದಿಂದ ಮಂಗಳವಾರದವರೆಗಿನ ಉದ್ದನೆಯ ಅಂತರ ಈ ದಿನಗಳಲ್ಲಿ ಬರುವ ಎಲ್ಲ ರೋಗಿಗಳಿಗೂ ಕಷ್ಟದ್ದೇ. ಅವರ ಹಿಂದೆಯೇ ಒಬ್ಬ ಹುಡುಗಿ ತಾಯಿಯ ಜೊತೆ ನಿಂತಿದ್ದಳು. ಮೂರನೇ ಕುರ್ಚಿ ಸಿಕ್ಕಿದೆ ಎಂದು ಅವಳಿಗೆ ಮೆಸೇಜು ಬಂದಿತ್ತಂತೆ. ಎಷ್ಟೋ ಕಾಲದಿಂದ ಕಾದಿದ್ದ ಕುರ್ಚಿ, ಆ ತಾಯಿಯ ಕಣ್ಣಲ್ಲಿ ನೀರು.

ಅವತ್ತು ಇದ್ದದ್ದು ಹೊಸ ಸಿಸ್ಟರ್. ಪರದೆ ನೋಡಿದಳು, ಹುಡುಗಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಬೇರೆ ಕುರ್ಚಿಗಳೆಲ್ಲ ಭರ್ತಿ. ತುರ್ತಿನ ಕುರ್ಚಿ ಎಂದರೆ ಮೂರನೆಯದೇ. ಮಧ್ಯಾಹ್ನ, ಸಂಜೆ ಎಲ್ಲವನ್ನೂ ಬುದ್ಧಿವಂತ ಸಂದಿಯಿಲ್ಲದಂತೆ ತುಂಬಿಟ್ಟಿತ್ತು. ಹೆಡ್ ಸಿಸ್ಟರ್‌ಗೆ ಫೋನ್ ಮಾಡಿದಳು. ತರಬೇತಿಯಲ್ಲಿ ಎಲ್ಲರ ಫೋನು ಇಸಿದುಕೊಂಡಿದ್ದರು. ನಾನು ಮ್ಯಾನೇಜರ್ ಕೋಣೆಗೆ ಓಡಿದೆ. ಅವರೂ ಅದೇ ತರಬೇತಿಯಲ್ಲಿ ಭಾಷಣ ಮಾಡಲು ಹೋಗಿದ್ದರು.

"ಅಮ್ಮಾ, ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿಬಿಡಿ, ಬರೆದು ಕೊಡ್ತೀನಿ," ಎಂದಳು ಹೊಸ ಸಿಸ್ಟರ್.

"ಅಲ್ಲಿ ಹೋದ್ರೆ ಎಲ್ಲಿ ಮಾಡಿಸ್ತಿದ್ರಿ, ಯಾಕೆ ಮಾಡ್ಲಿಲ್ಲ ಅಂತ ಕೇಳ್ತಾರೆ," ಎಂದರು ಅಕ್ಕ. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು, "ನನ್ನಿಂದ ತಂಗಿ ಕೆಲಸಕ್ಕೆ ಕುತ್ತು ಬರೋದು ಬೇಡಪ್ಪ. ಗುರುವಾರ ಅವಳು ಇರ್ತಾಳಲ್ಲ, ಆಗ ಬರ್ತೀನಿ. ಈ ಮಗು ಕೂತ್ಕೊಳ್ಳಿ."

"ಅಕ್ಕಾ, ಅಷ್ಟು ದಿನ ತಡ್ಕೊಳ್ಳೋಕಾಗಲ್ಲ. ನಾನೇ ಕರ್ಕೊಂಡು ಹೋಗ್ತೀನಿ ನಡೀರಿ."

"ನೀನು ಹೋದ್ರೆ ನೀರು ನೋಡೋರು ಯಾರು? ನೀರು ಬಾಯಿಗೆ ಹಾಕಲ್ಲ ನಾನು. ಉಪ್ಪು ಮುಟ್ಟಲ್ಲ. ಶಿಸ್ತಾಗಿ ಇರ್ತೀನಿ." ಭಾವ ಅಂಗಿಯನ್ನು ಚೀಲಕ್ಕೆ ಹಾಕಿ ಎದ್ದರು. ಹೆಂಡತಿಯ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ.

ಅಕ್ಕ ಶಿಸ್ತಾಗಿಯೇ ಇದ್ದರಂತೆ. ಬುಧವಾರ ಸಂಜೆ ಎದೆಬಡಿತ ನಿಂತಿತು. ಹೆಡ್ ಸಿಸ್ಟರ್ ಆಗ ಬಸ್ಸಿನಲ್ಲಿದ್ದರು.

ಎಲ್ಲ ಮುಗಿದ ಮೇಲೆ ಭಾವ ಕೇಂದ್ರಕ್ಕೆ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆವು. ಅವರು ಫೋನು ತೆಗೆದು ತೋರಿಸಿದರು. ಮಂಗಳವಾರ ಬೆಳಗ್ಗೆ, ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾಗ ಬಂದ ಮೆಸೇಜು. ಭಾವ ಮೆಸೇಜು ನೋಡುವವರಲ್ಲ. 'ನೀವು ಈವರೆಗೆ ಒಮ್ಮೆಯೂ ಬಾರದಿರುವುದರಿಂದ ನಿಮ್ಮ ಕುರ್ಚಿಯನ್ನು ಅಗತ್ಯವಿರುವ ಬೇರೊಬ್ಬರಿಗೆ ನೀಡಲಾಗಿದೆ.'

"ಒಮ್ಮೆಯೂ ಬಂದಿಲ್ಲ ಅಂತ ಬರೆದಿದ್ದಾರೆ," ಎಂದರು ಭಾವ ನಾದಿನಿಗೆ. "ಅವಳು ಜೀವಮಾನದಲ್ಲಿ ಒಂದಿನ ತಡವಾಗಿ ಹೋದವಳಲ್ಲ. ನಿನಗೇ ಗೊತ್ತಲ್ಲಮ್ಮ. ಹೋದವಳಂತೂ ಬರಲ್ಲ. ಇದೊಂದು ಸರಿ ಮಾಡ್ಸು."

ಹೆಡ್ ಸಿಸ್ಟರ್ ಕಂಪ್ಯೂಟರ್ ಮುಂದೆ ಕೂತು ಅಕ್ಕನ ಹೆಸರು ತೆರೆದರು. ನಾನು ಹಿಂದೆ ನಿಂತಿದ್ದೆ. ಮೇಲಿಂದ ಕೆಳಗೆ 'ಬರಲಿಲ್ಲ', 'ಬರಲಿಲ್ಲ', 'ಬರಲಿಲ್ಲ'. ಪ್ರತಿಯೊಂದರ ಪಕ್ಕದಲ್ಲೂ ಒತ್ತಿದವರ ಹೆಸರು. ಹೆಡ್ ಸಿಸ್ಟರ್ ಹೆಸರೂ ಇತ್ತು, ಒಂದೆರಡು ಕಡೆಯಲ್ಲ. ಅವರು ಅಳಲಿಲ್ಲ. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಆ ಪರದೆಯನ್ನು ಗೋಡೆಯಿಂದ ಕಿತ್ತು ಬೀದಿಗೆ ಎಸೆಯಬೇಕೆನಿಸಿತು. ಆದರೆ ಅದು ಸುಳ್ಳು ಹೇಳಿರಲಿಲ್ಲ. ನಾವು ಹೇಳಿಕೊಟ್ಟದ್ದನ್ನೇ ಅದು ನಂಬಿತ್ತು. ಬೈಯಲು ಯಾರೂ ಸಿಗದಿದ್ದರೆ ಸಿಟ್ಟು ಒಳಗೇ ಕೊಳೆಯುತ್ತದೆ.

ಹೆಡ್ ಸಿಸ್ಟರ್ ಒಂದೊಂದೇ ದಿನವನ್ನು ತೆರೆದು 'ಬಂದರು' ಎಂದು ತಿದ್ದಿದರು. ಕೊನೆಯ ಮಂಗಳವಾರಕ್ಕೆ ಬಂದಾಗ ಬುದ್ಧಿವಂತ ತಡೆಯಿತು. ಬಂದಿದ್ದರೆ ಕೂತ ಕುರ್ಚಿ ಯಾವುದೆಂದು ಕೇಳಿತು. ಬಂದೂ ಕುರ್ಚಿ ಸಿಗದೆ ಹೋದವರಿಗೆ ಅಲ್ಲಿ ಜಾಗವೇ ಇರಲಿಲ್ಲ. ಹೆಡ್ ಸಿಸ್ಟರ್ ಕೊನೆಗೆ ಮೂರು ಎಂದು ಒತ್ತಿದರು. ಅದು ಒಪ್ಪಿಕೊಂಡಿತು.

ಸತ್ತವರ ಹೆಸರು ತೆಗೆಯುವುದೂ ಹೆಡ್ ಸಿಸ್ಟರ್ ಕೆಲಸವೇ. ಅದನ್ನು ಅವರು ಅವತ್ತು ಮಾಡಲಿಲ್ಲ. ಕೈ ಬರಲಿಲ್ಲವೋ, ಬೇಕೆಂದೇ ಬಿಟ್ಟರೋ ನಾನು ಕೇಳಿಲ್ಲ.

ತಿದ್ದಿದ್ದನ್ನು ಬುದ್ಧಿವಂತ ಕಲಿತುಕೊಂಡಿತು. ಈ ಹೆಂಗಸು ತಪ್ಪದೆ ಬರುವವಳು ಎಂದು ಅದಕ್ಕೆ ಖಾತ್ರಿಯಾಯಿತು. ಆ ಹುಡುಗಿಗೆ ಬಾರದ ಇನ್ಯಾರದೋ ಕುರ್ಚಿ ಗೊತ್ತು ಮಾಡಿ, ಮೂರನೆಯದನ್ನು ಅಕ್ಕನಿಗೆಂದು ಎತ್ತಿಟ್ಟಿತು. ಮುಂದಿನ ವಾರ ಒಂದು ಬೆಳಗ್ಗೆ ಮುದುಕರೊಬ್ಬರನ್ನು ಇಬ್ಬರು ಹೊತ್ತು ತಂದರು. ತುಟಿ ನೀಲಿ, ಉಸಿರು ಮೇಲಕ್ಕೆ. ಇಡೀ ಹಾಲ್‌ನಲ್ಲಿ ಖಾಲಿ ಇದ್ದದ್ದು ಅದೊಂದೇ ಕುರ್ಚಿ. ಅಲ್ಲೇ ಕೂರಿಸಿದೆವು. ಮಧ್ಯಾಹ್ನ ಅವರು ಎದ್ದು ಕೂತು ಕಾಫಿ ಕೇಳಿದರು, ಕೊಡಲಿಲ್ಲವೆಂದು ಬೈದರು.

ಈಗ ನಮ್ಮಲ್ಲಿ ಮಾವನ ಮಾತು ಯಾರೂ ಎತ್ತುವುದಿಲ್ಲ. 'ಬರಲಿಲ್ಲ' ಒತ್ತಿದರೆ ಬುದ್ಧಿವಂತ ಮತ್ತೆ ಕಲಿಯುತ್ತದೆ, ಕುರ್ಚಿ ಹೋಗುತ್ತದೆ. ಆದ್ದರಿಂದ ಅದು ಉಳಿಯಬೇಕಾದರೆ ಅಕ್ಕ ಬರುತ್ತಲೇ ಇರಬೇಕು. ಮಂಗಳವಾರ, ಗುರುವಾರ, ಶನಿವಾರ ಹೆಡ್ ಸಿಸ್ಟರ್ ಎಲ್ಲರಿಗಿಂತ ಮೊದಲು ಬರುತ್ತಾರೆ, ಮೆಟ್ಟಿಲ ಕಡೆ ನೋಡದೆ ಒಳಗೆ ಹೋಗುತ್ತಾರೆ. ಪರದೆಯ ಮುಂದೆ ನಿಂತು, ಮೂರನೇ ಕುರ್ಚಿಯ ಎದುರು 'ಬಂದರು' ಎಂದು ಒತ್ತುತ್ತಾರೆ. ಬೇರೆ ಯಾರಿಗೂ ಒತ್ತಲು ಬಿಡುವುದಿಲ್ಲ. ಒಂದು ಗಳಿಗೆಯ ಕೆಲಸ ಅದು, ಅವರಿಗೆ ಬಹಳ ಹೊತ್ತು ಹಿಡಿಯುತ್ತದೆ. ಆ ಕೈಗೆ ಇನ್ನೂ ಅಭ್ಯಾಸವಾಗಿಲ್ಲ.