ಹಗ್ಗದ ಪದ್ಯ

“ಮೆಟ್ಟಿಲು ತೊಳೀತಿದೀಯೋ, ಇಲ್ಲಾ ನಿನ್ನ ಮೈಕೊಳೆ ಅದಕ್ಕೆ ಬಳೀತಿದೀಯೋ? ತಿಕ್ಕೇ ಮುಂಡೇದೆ!”

ಪಾರಿ ಸಾಹೇಬರ ಹೆಂಡತಿ ಆಗಷ್ಟೇ ಒರೆಸಿದ ಕಲ್ಲಿನ ಮೇಲೆ ಕೆಸರು ಬೂಟು ಊರಿ ಒಳಗೆ ಹೋದಳು. ಮಾರ್ಗೆಡ್ ಮಂಡಿಯೂರಿದ್ದಲ್ಲಿಂದಲೇ “ತಪ್ಪಾಯ್ತು ಅಮ್ಮಾವ್ರೆ” ಎಂದು ಬ್ರಷ್ಷನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಹನ್ನೆರಡು ವರ್ಷದಿಂದ ಈ ಮನೆಯ ಕಲ್ಲು ತಿಕ್ಕುತ್ತಿದ್ದವಳಿಗೆ ಬೈಗುಳ ಕಿವಿಯ ಪಕ್ಕದಲ್ಲೇ ಹಾದುಹೋಗುವುದು ಅಭ್ಯಾಸವಾಗಿತ್ತು.

ಆದರೆ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಬಂದ ಮಾತಿಗೆ ಅವಳ ಕೈ ನಿಂತಿತು.

“ಯಾವನಯ್ಯಾ ಈ ಕಲ್ಲುಗುಬ್ಬಿ?” ಸ್ಲೇಟುಕಲ್ಲಿನ ಗಣಿಯ ಮ್ಯಾನೇಜರ್ ಪಾರಿ ಗುಡುಗುತ್ತಿದ್ದ. “ಗೆದ್ದ ಕವಿಗೆ ಕೊಡೋ ಕುರ್ಚಿ ಮಾಡಿಸಿಕೊಡೋನು ನಾನು. ಈ ಬೋಳಿಮಗ ನೋಡಿದ್ರೆ ನನ್ನ ಗಣಿ ಹಗ್ಗ ಸವೆದೋಗಿದೆ ಅಂತ ಪದ್ಯ ಕಟ್ತಾನೆ!”

“ತೀರ್ಪುಗಾರರು ಅದೇ ಮೊದಲು ಅಂದವ್ರೆ ಸಾಹೇಬ್ರೆ.” ಪ್ರಾರ್ಥನಾ ಮಂದಿರದ ಹಿರಿಯ, ಕವಿತಾ ಪಂದ್ಯದ ಕಾರ್ಯದರ್ಶಿ ಎಬೆನ್‌ನ ದನಿ ಅದು.

“ಲಕೋಟೆ ಒಡೆದು ಹೆಸರು ಹೇಳು.”

“ಅದು ಸಭೇಲೇ ತಿಳೀಬೇಕಾದ್ದು. ನಮ್ಮ ಅಜ್ಜಂದಿರ ಕಾಲದಿಂದ ಬಂದಿರೋ ಕಟ್ಟಳೆ.”

ಕಳ್ಳಹೆಸರಿನಲ್ಲಿ ಕವಿತೆ ಕಳಿಸುವುದು, ನಿಜದ ಹೆಸರನ್ನು ಲಕೋಟೆಯಲ್ಲಿ ಅಂಟಿಸಿಡುವುದು, ಕಹಳೆ ಊದಿದಾಗ ಗೆದ್ದವರು ಜನರ ನಡುವಿನಿಂದ ಎದ್ದು ನಿಲ್ಲುವುದು: ಆ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತಿದ್ದ ಪದ್ಧತಿ. ಮಾರ್ಗೆಡ್ ಬಕೆಟ್ಟಿನ ಕೊಳೆನೀರನ್ನೇ ನೋಡಿದಳು. ಕಲ್ಲುಗುಬ್ಬಿ ಅವಳೇ. ಗೆದ್ದಿದ್ದೇನೆ ಎಂಬುದು ಹೊಳೆಯುವಷ್ಟರಲ್ಲಿ ಬ್ರಷ್ಷು ಎತ್ತಿಕೊಂಡು ಅದೇ ಕಲ್ಲನ್ನು ಮತ್ತೆ ತಿಕ್ಕತೊಡಗಿದಳು. ಹೊರಗೆ ಬಂದ ಎಬೆನ್ ಅವಳನ್ನು ಕಂಡವನೇ ಕಣ್ಣು ತಪ್ಪಿಸಿ ಬಿರಬಿರನೆ ಇಳಿದುಹೋದ. ಲಕೋಟೆ ಒಡೆದು ನೋಡಿದ್ದಾನೆಂದು ಆಗಲೇ ಅವಳಿಗೆ ತಿಳಿಯಿತು.

ಹೋದ ನವೆಂಬರಿನಲ್ಲಿ ಅವಳ ತಮ್ಮ ಗೆಥಿನ್ ಬಂಡೆಯಿಂದ ಬಿದ್ದು ಸತ್ತಿದ್ದ. ತೊಡೆಗೆ ಹಗ್ಗ ಸುತ್ತಿಕೊಂಡು ಬಂಡೆಯ ಮುಖಕ್ಕೆ ತೂಗಾಡುತ್ತಾ ಕೆಲಸ ಮಾಡುವವನು. ಹಗ್ಗ ಸವೆದಿದೆ, ಬೇರೆ ಕೊಡಿ ಎಂದು ಮೂರು ಸಲ ಕೇಳಿದ್ದ. ಸಾವಿನ ವಿಚಾರಣೆ ಗಣಿಯವರಿಗೆ ಬಾರದ ಇಂಗ್ಲಿಷಿನಲ್ಲಿ ನಡೆಯಿತು. ಜೊತೆಯಲ್ಲೇ ದುಡಿಯುತ್ತಿದ್ದ ಅವಳ ಗಂಡ ಇಥೆಲ್‌ನನ್ನು ನಿಲ್ಲಿಸಿ ಏನೋ ಕೇಳಿದರು. ಅರ್ಥವಾಗದೆ, ಇಲ್ಲವೆಂದರೆ ಒರಟಾದೀತೆಂದು, ‘ಯೆಸ್ ಸರ್’ ಅಂದ. ಗೆಥಿನ್ ತಾನೇ ಗಂಟು ಸರಿಯಾಗಿ ಹಾಕಿಕೊಳ್ಳಲಿಲ್ಲವೆಂದು ಕಾಗದದಲ್ಲಿ ಬರೆದುಕೊಂಡರು.

ಗೆಥಿನ್ ಗಣಿಯ ಊಟದ ಗುಡಿಸಲಲ್ಲಿ ಕಲಿತ ಪದ್ಯಗಳನ್ನು ಸಂಜೆ ಮನೆಗೆ ತರುತ್ತಿದ್ದ. ಅವಳು ಕಾಲುಚೀಲ ಹೆಣೆಯುತ್ತಾ, ಎಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಲ್ಲವೆಂದು ಎತ್ತಿ ತೋರಿಸುತ್ತಿದ್ದಳು. “ನಿನ್ನ ಕಿವಿ ನಂಗಿದ್ದಿದ್ರೆ ನಾನೇ ಕುರ್ಚಿ ಹೊಡೀತಿದ್ದೆ ಕಣಕ್ಕಾ” ಅನ್ನುತ್ತಿದ್ದ. ಆ ಕ್ರಿಸ್ಮಸ್ಸಿಗೆ ಬೆಳಗಿನ ಜಾವದ ಹಾಡಿಕೆಯಲ್ಲಿ ಅವನ ದನಿ ಇರಲಿಲ್ಲ. ಮಾರ್ಚಿನಲ್ಲಿ, ಸಂತ ಡೇವಿಡ್ಡನ ದಿನ, ಈ ವರ್ಷದ ಐಸ್ಟೆದ್ವೊದ್ ಎಂಬ ಹಾಡು-ಕವಿತೆಗಳ ಮೇಳಕ್ಕೆ ‘ಬೆಟ್ಟ’ ಎಂಬ ವಿಷಯ ಸಾರಿದರು. ಕಲ್ಲು ತಿಕ್ಕುತ್ತಲೇ ಅವಳು ಐದು ಪದ್ಯ ಕಟ್ಟಿದಳು. ನಾಲ್ಕನೆಯದು ಹಗ್ಗದ್ದು.

ಸಂಜೆ ಎಬೆನ್ ಮನೆಗೆ ಬಂದ. ಟೋಪಿ ತೆಗೆದು ಒಲೆಯ ಪಕ್ಕ ಕೂತ. ಅವಳು ಚಹಾ ಬಸಿದು ಕೊಟ್ಟಳು.

“ನೋಡವ್ವಾ, ನಿನ್ನ ಹೆಸರು ನಾನು ಬಾಯಿ ಬಿಟ್ಟಿಲ್ಲ. ಬರೆದೋನು ಯಾವುದೋ ದೂರದೂರೋನು, ಮೇಳಕ್ಕೆ ಬರಕ್ಕಾಗಲ್ವಂತೆ ಅಂತ ಸಾಹೇಬ್ರಿಗೆ ಅಂದಿವ್ನಿ. ಸಾಹೇಬ್ರ ತಂಗಿ ಮಗ ಲಯೊನೆಲ್ ಎದ್ದು ನಿಲ್ತಾನೆ. ಹಗ್ಗದ ಪದ್ಯ ತೆಗೆದುಬಿಡೋದು. ಅಲ್ಲಿಗೆ ಎಲ್ಲಾ ನೆಟ್ಟಗಾಯ್ತದೆ.”

“ಆ ಲಯೊನೆಲ್ಲಾ? ನಮ್ಮ ಭಾಷೇಲಿ ಕುಡಿಯಕ್ಕೆ ನೀರು ಕೇಳಕ್ಕೂ ಬರಲ್ವಲ್ರೀ ಅವನಿಗೆ!”

“ಎದ್ದು ನಿಲ್ಲಕ್ಕೆ ಭಾಷೆ ಯಾಕವ್ವಾ?”

ಇಥೆಲ್ ಕೆಮ್ಮಿ ಬೂದಿಗೆ ಉಗುಳಿದ. ಅವನ ಕೆಮ್ಮಿನಲ್ಲಿ ಕಲ್ಲಿನ ಪುಡಿ ಇತ್ತು. “ಮೇಳ ಮುಗಿದ ಬುಧವಾರ ಯಾರಿಗೆ ಯಾವ ಬಂಡೆ ಅಂತ ಹಂಚ್ತಾರೆ ಕಣೇ. ಪಾರಿಗೆ ಗೊತ್ತಾದ್ರೆ ಸತ್ತ ಬಂಡೆ ಕೊಡ್ತಾನೆ. ತಿಂಗಳೆಲ್ಲಾ ಕುಟ್ಟಿದ್ರೂ ಒಂದು ಹಲಗೆ ಸೀಳಲ್ಲ. ಈ ಮನೇನೂ ಅವರದೇ. ಎಲ್ಲಿಗೆ ಹೋಗನ?”

“ಹಗ್ಗ ತೆಗೆದ್ರೆ ಇನ್ನೇನು ಉಳೀತದೆ ಅದರಲ್ಲಿ?”

“ಬೆಟ್ಟ ಉಳೀತದೆ” ಅಂದ ಎಬೆನ್. “ಚೆನ್ನಾಗೇ ಅದೆ.”

ಇಥೆಲ್ ಅವಳ ಮುಖ ನೋಡಲಿಲ್ಲ. ವಿಚಾರಣೆಯ ದಿನದಿಂದ ಅವನು ಗೆಥಿನ್‌ನ ಹೆಸರೆತ್ತಿದವನಲ್ಲ. ಆ ಎರಡು ಇಂಗ್ಲಿಷ್ ಮಾತು ಅವನ ಗಂಟಲಲ್ಲಿ ಮುಳ್ಳಾಗಿ ನಿಂತಿರುವುದು ಅವಳಿಗೆ ಗೊತ್ತಿತ್ತು. ಅವನ ಮೇಲೆ ಕರುಣೆ ಉಕ್ಕಿತು, ಸಿಟ್ಟೂ ಉಕ್ಕಿತು. ಎರಡನ್ನೂ ನುಂಗಿಕೊಂಡು ಎಬೆನ್‌ನ ಲೋಟ ತೆಗೆದುಕೊಂಡು ಹೋಗಿ ತೊಳೆದಳು. ಅದನ್ನೇ ಅವರಿಬ್ಬರೂ ಒಪ್ಪಿಗೆ ಎಂದುಕೊಂಡರು. ಅವಳೂ ಹಾಗೇ ಅಂದುಕೊಂಡಳು.

ಮೇಳದ ಸೋಮವಾರ ಡೇರೆಯಲ್ಲಿ ಎರಡು ಸಾವಿರ ಜನ. ಮುಂದಿನ ಕುರ್ಚಿಗಳಲ್ಲಿ ಸಾಹೇಬರುಗಳು, ಹಿಂದೆ ಉದ್ದ ಬೆಂಚುಗಳಲ್ಲಿ ಗಣಿಯವರು. ಎಬೆನ್ ವೇದಿಕೆ ಹತ್ತಿ ಗೆದ್ದ ಕವಿತೆ ಓದಿದ. ಮಾರ್ಗೆಡ್ ತನ್ನ ಸಾಲುಗಳು ಬೇರೆಯವರ ಬಾಯಲ್ಲಿ ಇಷ್ಟು ದೊಡ್ಡದಾಗಿ ಕೇಳುತ್ತವೆಂದು ಎಣಿಸಿರಲಿಲ್ಲ. ಮುಂದಿನ ಬೆಂಚಿನ ಮುದುಕನೊಬ್ಬ “ಎಲಾ ಇವನ!” ಎಂದು ತೊಡೆ ತಟ್ಟಿದ. ಮೂರನೆಯ ಪದ್ಯ ಮುಗಿಯಿತು. ಎಬೆನ್ ಹಾಳೆ ಮಗುಚಿ ನೇರ ಐದನೆಯದಕ್ಕೆ ಹೋದ. ಜನ ತಲೆದೂಗುತ್ತಲೇ ಇದ್ದರು. ಯಾರಿಗೂ ಏನೂ ಕಡಿಮೆ ಅನ್ನಿಸಲಿಲ್ಲ. ಗೆಥಿನ್ ಇನ್ನೊಮ್ಮೆ ಬಿದ್ದ ಹಾಗಾಯಿತು ಅವಳಿಗೆ. ಈ ಸಲ ಸದ್ದೂ ಇಲ್ಲದೆ.

ಕಹಳೆ ಮೊಳಗಿತು. “ಕಲ್ಲುಗುಬ್ಬಿ ಎಲ್ಲಿದ್ದರೂ ಎದ್ದು ನಿಲ್ಲಲಿ!”

ಬಿಳಿ ಕಾಲರಿನ ಲಯೊನೆಲ್ ಎದ್ದು ನಿಂತ. ಚಪ್ಪಾಳೆ. ಅವನನ್ನು ಕರೆದೊಯ್ದು ಓಕ್ ಮರದ ಕುರ್ಚಿಯ ಮುಂದೆ ನಿಲ್ಲಿಸಿದರು. ಹಿರಿಯ ಕವಿ ಅವನ ತಲೆಯ ಮೇಲೆ ದೊಡ್ಡ ಕತ್ತಿ ಹಿಡಿದು ಒರೆಯಿಂದ ಅರ್ಧ ಎಳೆದ. ಸಭೆ ಒಪ್ಪಿ ಶಾಂತಿ ಸಾರಿದರೆ ಮಾತ್ರ ಕವಿ ಕೂರಬೇಕು. ಮೂರು ಸಲ ಕೇಳುತ್ತಾರೆ.

“ಶಾಂತಿ ಇದೆಯೇ?”

“ಶಾಂತಿ!”

ಹುಟ್ಟಿದಾಗಿನಿಂದ ಕೂಗಿದ ರೂಢಿ. ಅವಳ ಬಾಯಿಯೂ ತಾನಾಗಿ ತೆರೆದು ಎಲ್ಲರ ಜೊತೆ ಕೂಗಿತ್ತು. ಕೂಗಿದ ಮೇಲೆ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ತಾನೂ ಯೆಸ್ ಸರ್ ಅಂದಂತಾಯಿತು. ಗಂಡನ ಕಡೆ ನೋಡಿದಳು. ಅವನು ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದ.

“ಶಾಂತಿ ಇದೆಯೇ?”

“ಶಾಂತಿ!” ಈ ಸಲ ಅವಳು ಕೂಗಲಿಲ್ಲ.

“ಶಾಂತಿ ಇದೆಯೇ?”

ಜನ ಉಸಿರು ಎಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ ಅವಳು ಎದ್ದು ನಿಂತಳು.

“ಇಲ್ಲ!”

ಎರಡು ಸಾವಿರ ತಲೆ ಹಿಂದಕ್ಕೆ ತಿರುಗಿದವು.

“ಕೂತ್ಕಳೇ...” ಇಥೆಲ್ ಅವಳ ಶಾಲಿನ ತುದಿ ಹಿಡಿದ. “ಬುಧವಾರ...”

“ಓದಿದ್ದು ನಾಲ್ಕು ಪದ್ಯ” ಅವಳು ವೇದಿಕೆಯತ್ತ ಕೂಗಿ ಹೇಳಿದಳು. “ನಾನು ಕಟ್ಟಿದ್ದು ಐದು. ಬಿಟ್ಟಿರೋದು ಕೇಳ್ಕಳಿ.”

ಹಗ್ಗದ ಪದ್ಯವನ್ನು ಹೇಳಿದಳು. ಎಂಟೇ ಸಾಲು. ಸವೆದ ಎಳೆ ಎಷ್ಟು, ಕೇಳಿದ ಸಲ ಎಷ್ಟು, ಇಲ್ಲವೆಂದವನ ಬಾಯಿ ಯಾವುದು. ಅಕ್ಷರಕ್ಕೆ ಅಕ್ಷರ ಕೂಡುವ ಆ ಕಟ್ಟು ಕದ್ದವನಿಗೆ ಬರುವಂಥದ್ದಲ್ಲ ಎಂಬುದು ಬೆಂಚುಗಳಿಗೆ ಗೊತ್ತಾಯಿತು. ಎಲ್ಲಿಯೋ ಒಬ್ಬ ಹೆಂಗಸು ಬಿಕ್ಕಿದಳು.

“ಅದು ನಮ್ಮನೆ ಕಸದೋಳು!” ಪಾರಿಯ ಹೆಂಡತಿ ಚೀರಿದಳು.

“ಎಳ್ಕೊಂಡು ಹೋಗ್ರಲೇ ಆ ಹಲ್ಕಾ ಹೆಂಗ್ಸನ್ನ!” ಪಾರಿ ಕೂಗಿದ. ಯಾರೂ ಅಲ್ಲಾಡಲಿಲ್ಲ. “ಕೇಳಯ್ಯಾ, ಇನ್ನೊಂದ್ಸಲ ಕೇಳು!”

ಹಿರಿಯ ಕವಿ ಒಣ ತುಟಿ ಸವರಿಕೊಂಡ. “ಶಾಂತಿ... ಇದೆಯೇ?”

ಹೌದೆಂದು ಯಾರೂ ಅನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ. ಲಯೊನೆಲ್ ಕೂರಲೂ ತಿಳಿಯದೆ, ನಿಲ್ಲಲೂ ತಿಳಿಯದೆ ಕುರ್ಚಿಯ ಕೈ ಹಿಡಿದುಕೊಂಡ. ಇಥೆಲ್‌ನ ಮುಷ್ಟಿ ಶಾಲನ್ನು ಬಿಡಲಿಲ್ಲ, ಎಳೆಯಲೂ ಇಲ್ಲ.

ಪಾರಿ ತಾನೇ ಹೊರಟು ಅವಳ ಬೆಂಚಿನ ಕಡೆ ನುಗ್ಗಿದ. ಅವನು ಹಾಯಬೇಕಾಗಿದ್ದ ಸಾಲಿನಲ್ಲಿ ಗಣಿಯವರು ಕೂತಿದ್ದರು. ಅವನ ದಾರಿಗೆ ಅಡ್ಡ ಚಾಚಿದ್ದ ಕಾಲುಗಳನ್ನು ಒಬ್ಬರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.