ವಾಲಿದ ಶಿಲುಬೆ

ತರೀಕೆರೆಯ ನಮ್ಮ ಸಭೆಯಲ್ಲಿ ವಿಮಲಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಸಭೆ ಎಂದರೆ ದೊಡ್ಡದೇನಲ್ಲ, ಬೆರಳೆಣಿಕೆಯ ಕ್ರೈಸ್ತ ಮನೆಗಳು. ದೇವಾಲಯ ಅಂತ ಕಟ್ಟಡ ಇರಲಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದಿನ ಒಂದು ಹೆಂಚಿನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ಆರಾಧನೆ ಮಾಡುತ್ತಿದ್ದೆವು. ಹಾಡು ಏರಿಸಿದರೆ ವಿಮಲಮ್ಮ ಕಿರುಚಬೇಡಿ ಎನ್ನುವಳು, ಇಳಿಸಿದರೆ ನಿದ್ದೆ ಬರುತ್ತಿದೆಯೇ ಎನ್ನುವಳು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳಿಯೇ ಕೂದಲು ನರೆಸಿಕೊಂಡವಳು, ಮಕ್ಕಳಿಲ್ಲದ ವಿಧವೆ. ಮೊಸರಲ್ಲಿ ಕಲ್ಲು ಹುಡುಕುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಕಲ್ಲು ಸಿಗುತ್ತಲೂ ಇತ್ತು, ನಮಗೆ ಹೊಟ್ಟೆಯುರಿ ಅದಕ್ಕೇ.

ಇಂಥವಳಿಗೂ ಒಬ್ಬಳು ಸ್ನೇಹಿತೆ ಇದ್ದಳು, ಜೀವರತ್ನ. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್; ಇವಳು ಮನೆಯಲ್ಲಿ ಮಷೀನು ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಇಬ್ಬರೂ ಮಿಷನ್ ಹಾಸ್ಟೆಲ್ಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಸಂಜೆಯಾದರೆ ವಿಮಲಮ್ಮನ ಜಗಲಿಯ ಮೇಲೆ ಇವರಿಬ್ಬರ ಜಗಳ, ಆಮೇಲೆ ಇಬ್ಬರ ಕಾಫಿ.

ಐವತ್ತೆಂಟನೆಯ ಇಸವಿಯ ಕ್ರಿಸ್ಮಸ್ಸಿಗೆ ಜೀವರತ್ನ ರೊಟ್ಟಿ, ದ್ರಾಕ್ಷಾರಸ ಇಟ್ಟು ಹಂಚುವ ಪ್ರಭುಭೋಜನದ ಮೇಜಿಗೆಂದು ಒಂದು ಹಾಸು ಹೊಲಿದಳು. ಬಟ್ಟೆಯನ್ನು ಕಡೂರಿನ ಸಂತೆಯಿಂದ ತಂದು, ಊರ ಕೆಲಸವನ್ನೆಲ್ಲ ಬದಿಗಿಟ್ಟು, ನಡುವೆ ಕೆಂಪು ದಾರದಲ್ಲಿ ಶಿಲುಬೆ ಬಿಡಿಸಿದ್ದಳು. ವರ್ಷಕ್ಕೆ ಮೂರು ನಾಲ್ಕು ಸಲ ಚಿಕ್ಕಮಗಳೂರಿನಿಂದ ಬರುವ ಪಾದ್ರಿ ಅಯ್ಯನವರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ ಹೊಗಳಿದರು. ಆಗ ವಿಮಲಮ್ಮ ಕುಳಿತಲ್ಲಿಂದಲೇ ಹೇಳಿದಳು:

“ಶಿಲುಬೆ ಎಡಕ್ಕೆ ವಾಲಿದೆ.”

ನೋಡಿದೆವು. ವಾಲಿತ್ತು. ಯಾರೋ ಕಿಸಕ್ಕನೆ ನಕ್ಕರು. ಜೀವರತ್ನಳ ಮುಖ ಸುಣ್ಣವಾಯಿತು. ಆದರೂ ನಗುತ್ತ, “ಹೌದಲ್ವಾ ಅಕ್ಕ, ಸರಿಮಾಡಿ ತತ್ತೀನಿ” ಎಂದು ಹಾಸನ್ನು ಮಡಿಸಿ ಮನೆಗೆ ಒಯ್ದಳು. ಅದು ಟ್ರಂಕಿನ ತಳ ಸೇರಿತು. ಮತ್ತೆ ಹೊರಗೆ ಬರಲಿಲ್ಲ.

ಜಗಳವಾಗುತ್ತದೆ ಎಂದು ನಾವು ಕಾದೆವು. ಆಗಲಿಲ್ಲ. ಜೀವರತ್ನ ವಿಮಲಮ್ಮನ ಮನೆಗೆ ಕರ್ಜಿಕಾಯಿ ಕಳಿಸಿದಳು, ಎದುರಿಗೆ ಸಿಕ್ಕಾಗ ನಕ್ಕಳು, ಏನು ಹೇಳಿದರೂ “ಆಯ್ತಕ್ಕ” ಎಂದಳು. ಜಗಲಿಯ ಕಡೆಗೆ ಮಾತ್ರ ಹೋಗಲಿಲ್ಲ. ಎಂಥ ತಾಳ್ಮೆ, ಕ್ರೈಸ್ತಳೆಂದರೆ ಹೀಗಿರಬೇಕು ಎಂದು ನಾವೆಲ್ಲ ಕೊಂಡಾಡಿದೆವು. ನಾನಂತೂ ನನ್ನ ಸೊಸೆಗೆ ಅವಳನ್ನೇ ಉದಾಹರಣೆ ಕೊಡುತ್ತಿದ್ದೆ.

ನಮ್ಮ ಸಭೆಗೆ ಒಂದು ಕಟ್ಟಳೆ ಉಂಟು. ಅಯ್ಯನವರು ಬಂದು ಪ್ರಭುಭೋಜನ ಕೊಡುವ ಮುಂಚೆ, ಮನಸ್ತಾಪ ಇದ್ದವರು ಒಬ್ಬರ ಮನೆಗೆ ಒಬ್ಬರು ಹೋಗಿ, ಮಾತು ಮುಗಿಸಿ, ಅವರ ಕೈನೀರು ಕುಡಿದು ಬರಬೇಕು. ನಮ್ಮ ಹಿರಿಯರು ಬೇರೆಬೇರೆ ಜಾತಿಯಿಂದ ಬಂದವರು. ಒಬ್ಬರ ಮನೆಯ ನೀರು ಒಬ್ಬರು ಕುಡಿಯುವುದೇ ಅವರಿಗೆ ದೊಡ್ಡ ಪರೀಕ್ಷೆಯಾಗಿತ್ತು. ಅದರಿಂದಲೇ ಈ ಕಟ್ಟಳೆ ಹುಟ್ಟಿತಂತೆ.

ಬೇಸಿಗೆಯಲ್ಲಿ ಅಯ್ಯನವರು ಬಂದಾಗ ವಿಮಲಮ್ಮನೇ ಜೀವರತ್ನಳ ಮನೆಗೆ ಹೋದಳು. “ಏನಾದ್ರೂ ಇದ್ರೆ ಹೇಳ್ಬಿಡು ಕಣೇ” ಎಂದಳಂತೆ. “ಅಯ್ಯೋ, ನನ್ನ ಮನಸ್ನಲ್ಲಿ ಏನೂ ಇಲ್ಲ ಅಕ್ಕ” ಎಂದು ಇವಳು ನಗುತ್ತಲೇ ನೀರು ಕೊಟ್ಟಳು. ವಿಮಲಮ್ಮ ಲೋಟವನ್ನು ಬಾಯಿಗೆ ಮುಟ್ಟಿಸದೆ ಕೆಳಗಿಟ್ಟು ಹೊರಟುಹೋದಳು. ಮಾರನೆಯ ದಿನ ಜೀವರತ್ನ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಳು. ವಿಮಲಮ್ಮ ಅದಕ್ಕೆ ಮುಂಚೆಯೇ ಎದ್ದು ಹೋದಳು. ಮಳೆಗಾಲದಲ್ಲೂ ಹಾಗೇ ಆಯಿತು. ಎಷ್ಟು ಸೊಕ್ಕು ನೋಡಿ, ಕೊಟ್ಟ ನೀರನ್ನೂ ಕುಡಿಯಲಿಲ್ಲ ಎಂದು ನಾವು ಬಾಯಿ ಚಪಲ ತೀರಿಸಿಕೊಂಡೆವು.

ಅಷ್ಟರಲ್ಲಿ ವಿಮಲಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದಳು. ಇನ್ನು ಮಾಡುವುದೇನೂ ಇಲ್ಲ ಅಂದರಂತೆ ಡಾಕ್ಟರು. ನಾನು ಗಂಜಿ ಕಾಸಿ ಕೊಡಲು ಹೋಗುತ್ತಿದ್ದೆ. ಅಯ್ಯನವರು ಬರುವ ವಾರ ಹತ್ತಿರವಾದಾಗ, “ರತ್ನಂಗೆ ಅಳತೆ ಟೇಪು ತಗೊಂಡು ಬರಾಕೆ ಹೇಳಿ” ಎಂದಳು.

ಜೀವರತ್ನ ಬಂದಳು. ಮಂಚದ ಮೇಲೆ ವಿಮಲಮ್ಮನ ಮದುವೆಯ ಬಿಳಿ ಸೀರೆ ಇತ್ತು. ನಮ್ಮ ಹೆಂಗಸರು ಅದನ್ನು ಕರ್ಪೂರದ ಗುಳಿಗೆ ಹಾಕಿ ಎತ್ತಿಡುವುದು ಮಣ್ಣಿಗೆ ಹೋಗುವ ದಿನಕ್ಕೆ. ಜೊತೆಯ ರವಿಕೆ ಜೀರ್ಣವಾಗಿತ್ತು.

“ಹೊಸ ರವಿಕೆ ಹೊಲಿ. ಹೋದ್ಮೇಲೆ ಅವಸರದಲ್ಲಿ ಯಾರ್ದೋ ರವಿಕೆ ತಂದು, ಹಿಂದೆ ಸೀಳಿ ಪಿನ್ನು ಚುಚ್ಚಿಬಿಡ್ತೀರಿ. ನಂಗದು ಬ್ಯಾಡ” ಎಂದಳು ವಿಮಲಮ್ಮ.

“ಆಯ್ತಕ್ಕ.”

ನಾನು ಅಡುಗೆಮನೆಯಲ್ಲಿದ್ದೆ. ಟೇಪು ಹಿಡಿದ ಕೈಯನ್ನು ವಿಮಲಮ್ಮ ಗಟ್ಟಿಯಾಗಿ ಹಿಡಿದುಕೊಂಡದ್ದು ಕಂಡಿತು.

“ಇನ್ನೊಂದ್ಸಲ ಆಯ್ತಕ್ಕ ಅಂದ್ರೆ ಕೆನ್ನೆಗೆ ಹೊಡೀತೀನಿ. ಮಾತು ಮುಗಿದ್ಮೇಲೆ ನೀರು ಅಲ್ವೇನೇ ಕಟ್ಟಳೆ? ಮಾತೇ ಆಡದೆ ನೀರು ಕೊಟ್ಟೆ. ಹೆಂಗೆ ಕುಡೀಲಿ? ನಿನ್ ಮನಸ್ನಲ್ಲಿ ಐತೆ, ಇಲ್ಲ ಅಂತೀಯ. ಆ ಸುಳ್ಳಿನ ಜೊತೆ ಆ ಮೇಜಿಗೆ ನಾನು ಬರಲ್ಲ. ಭೋಜನ ಇಲ್ದೇ ಹೋಗ್ತೀನಿ, ಹೋಗ್ಲಿ. ನೀನು ನನ್ನ ಕ್ಷಮಿಸ್ಲಿಲ್ಲ ರತ್ನ, ಬಾಗ್ಲು ಹಾಕ್ಕೊಂಡೆ. ಬೈಯಿ ನನ್ನ!”

ಜೀವರತ್ನ ಕೈ ಕೊಸರಿಕೊಂಡಳು. ಟೇಪನ್ನು ನೆಲಕ್ಕೆಸೆದಳು.

“ಐತೆ! ಹೊಟ್ಟೆ ತುಂಬ ಐತೆ! ಎಲ್ಲಾರ ಮುಂದೆ ನನ್ನ ಮಾನ ಕಳೆದ್ಯಲ್ಲ! ಕಣ್ಣು ಉರಿಯೋ ಹಂಗೆ ಕೂತು ಹೊಲ್ದಿದ್ದೆ. ಪಕ್ಕಕ್ಕೆ ಕರೆದು ಹೇಳಕ್ಕೆ ನಿಂಗೇನಾಗಿತ್ತು? ಹಾಸ್ಟೆಲ್ಲಲ್ಲೂ ಹಿಂಗೇ, ನನ್ನ ಮದುವೇಲೂ ಹಿಂಗೇ. ಒಂದು ಸಲ, ಒಂದೇ ಒಂದು ಸಲ ಚೆನ್ನಾಗೈತೆ ಅಂದಿದ್ದೀಯಾ?” ಅಂದವಳೇ ಮಂಚದ ಅಂಚಿಗೆ ಕುಸಿದು ಗೊಳೋ ಎಂದು ಅತ್ತಳು.

ವಿಮಲಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. “ಎಲ್ಲಾರ ಮುಂದೆ ಅಂದಿದ್ದು ತಪ್ಪಾಯ್ತು ಕಣೇ. ನನ್ನ ನಾಲಿಗೆಗೆ ಬೆಂಕಿ ಬೀಳ.” ತಲೆ ಸವರುತ್ತಲೇ ಸೇರಿಸಿದಳು: “ಆದ್ರೆ ವಾಲಿದ್ದು ನಿಜ.”

ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನು ನೀರಿನ ಚೊಂಬು ತಂದೆ. ಜೀವರತ್ನ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಕುಡಿಸಿದಳು, ಮಿಕ್ಕಿದ್ದನ್ನು ವಿಮಲಮ್ಮನ ಕೈಯಿಂದ ತಾನು ಕುಡಿದಳು. ಅವಳ ತಾಳ್ಮೆಯನ್ನು ಕೊಂಡಾಡಿದ ನಮಗೆಲ್ಲ ಬುದ್ಧಿ ಎಲ್ಲಿತ್ತೋ ಎನಿಸಿತು.

ಭಾನುವಾರ ಅಯ್ಯನವರು ರೊಟ್ಟಿ, ದ್ರಾಕ್ಷಾರಸವನ್ನು ಆ ಮನೆಗೇ ತಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಜೀವರತ್ನ ಅದೇ ಹಾಸನ್ನು ಹಾಸಿದಳು; ಒಂದು ಎಳೆಯನ್ನೂ ಬದಲಿಸಿರಲಿಲ್ಲ. ವಿಮಲಮ್ಮನಿಗೆ ತಲೆ ಎತ್ತುವ ಶಕ್ತಿ ಇರಲಿಲ್ಲ. ದಿಂಬಿನ ಮೇಲೆ ಓರೆಯಾಗಿ ಮಲಗಿದ್ದವಳು ಶಿಲುಬೆಯನ್ನು ಬಹಳ ಹೊತ್ತು ನೋಡಿದಳು.

“ಇಲ್ಲಿಂದ ನೆಟ್ಟಗೈತೆ” ಎಂದಳು. ಆಮೇಲೆ ರೊಟ್ಟಿ ತೆಗೆದುಕೊಂಡಳು.

ರವಿಕೆ ಸಿದ್ಧವಾದಾಗ ಅವಳಿಗೆ ಇನ್ನೂ ಪ್ರಜ್ಞೆ ಇತ್ತು. ಬಲತೋಳು ಚೂರು ಗಿಡ್ಡ ಎಂದಳು. ಜೀವರತ್ನ ವಾದ ಮಾಡಿದಳು, ಸೋತಳು, ಬಿಚ್ಚಿ ಮತ್ತೆ ಹೊಲಿದಳು. ಸ್ವಲ್ಪ ದಿನಕ್ಕೇ ಅದನ್ನು ತೊಡಿಸುವ ಕೆಲಸ ನಮ್ಮ ಪಾಲಿಗೆ ಬಂತು. ಎಲ್ಲೂ ಸೀಳಬೇಕಾಗಲಿಲ್ಲ, ಪಿನ್ನೂ ಬೇಕಾಗಲಿಲ್ಲ. ಮೈಗೆ ಸರಿಯಾಗಿ ಕೂತಿತು.

ಜೀವರತ್ನ ಮಂಚದ ಪಕ್ಕ ನಿಂತು ತೋಳನ್ನು ಎಳೆದು ನೋಡಿದಳು, ಕತ್ತಿನ ಪಟ್ಟಿ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ, “ಎಲ್ಲಾದ್ರೂ ಹೆಚ್ಚುಕಮ್ಮಿ ಆಗೈತಾ? ನೋಡಿ ಹೇಳಿ” ಎಂದು ಕೇಳಿದಳು.

ತುಂಬ ಚೆನ್ನಾಗಿದೆ ಎಂದೆವು ನಾವೆಲ್ಲ, ಒಬ್ಬರಾದ ಮೇಲೆ ಒಬ್ಬರು.

ಅವಳು ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ವಿಮಲಮ್ಮನ ಮುಖ ನೋಡಿದಳು. “ಇನ್ಯಾರು ಹೇಳ್ತಾರೆ ಅಕ್ಕ ನಂಗೆ?” ಎಂದು ಆ ತೋಳಿನ ಮೇಲೆ ಹಣೆಯಿಟ್ಟಳು.